ಹತ್ತು ನಿಮಿಷದ ಹೊಳೆಗೆ ಡೀಸೆಲ್ ಯಾಕೆ ಬೇಕು?

ಪಣಜಿ ಸುತ್ತಮುತ್ತ ಇರುವ ನಮ್ಮ ಕನ್ನಡದವರಿಗೆ ಫೆರಿ, ಅಂದರೆ ಜನ, ಗಾಡಿಗಳನ್ನು ಹೊಳೆ ದಾಟಿಸುವ ದೋಣಿ, ಹೊಸದಲ್ಲ. ಗದಗ, ಕೊಪ್ಪಳದ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ದಿವಾರ್, ಚೋರಾವ್ ದ್ವೀಪಗಳಿಗೆ ಅದರಲ್ಲೇ ಹೋಗಿಬರುತ್ತಾರೆ. ನಡೆದು ಹತ್ತುವವರಿಗೆ ಟಿಕೆಟ್ ಇಲ್ಲ. ಇಂಥ ಸೇವೆ ಉಳಿಯಲೇಬೇಕು. ನನ್ನ ತಕರಾರು ಅದರ ಹೊಗೆಯ ಬಗ್ಗೆ ಮಾತ್ರ.

ಮಾಂಡವಿ ಹೊಳೆ ದಾಟೋಕೆ ಹೆಚ್ಚು ಹೊತ್ತು ಬೇಡ. ಆದರೆ ಗಾಡಿಗಳು ಇಳಿಯುವಾಗ, ಹತ್ತುವಾಗಲೂ ಎಂಜಿನ್ ಓಡುತ್ತಲೇ ಇರುತ್ತದೆ, ಯಾಕೆಂದರೆ ನೀರಿನ ಸೆಳೆತಕ್ಕೆ ಹಿಂದೆ ಸರಿಯದ ಹಾಗೆ ದೋಣಿ ರ‍್ಯಾಂಪಿಗೆ ಒತ್ತಿಕೊಂಡೇ ನಿಲ್ಲಬೇಕು. ಅಂದರೆ ಜನ ಜಾಸ್ತಿ ಸೇರುವ ಜಾಗದಲ್ಲೇ ಹೊಗೆ. ನಾವು ಇಳಿದು ಹೋಗುತ್ತೇವೆ, ದೋಣಿಯ ಸಿಬ್ಬಂದಿ ಎಲ್ಲಿಗೆ ಹೋಗಬೇಕು? ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ದೋಣಿ ಮೇಲೆ ನಿಂತ ಹೊಸ ಕಾರಿಗೆ 2020ರಿಂದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಇದೆ, ಅದನ್ನು ಹೊತ್ತ ದೋಣಿಯ ಎಂಜಿನ್‌ಗೆ ಆ ನಿಯಮ ಇಲ್ಲ. ಇದು ಸರೀನಾ?

ನಿಜ ಹೇಳಬೇಕೆಂದರೆ ಬ್ಯಾಟರಿಗೆ ಇದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಗೊತ್ತಿರುವ ದಾರಿ, ಚಿಕ್ಕ ದೂರ, ಮತ್ತೆ ಅದೇ ದಡ. ಕೇರಳದ ವೈಕಂನಲ್ಲಿ 75 ಜನ ಹಿಡಿಸುವ ಸೌರ ದೋಣಿ 'ಆದಿತ್ಯ' 2017ರಲ್ಲೇ ಬಂತು. ಕೊಚ್ಚಿಯಲ್ಲಿ 2023ರಿಂದ ವಾಟರ್ ಮೆಟ್ರೊದ ಬ್ಯಾಟರಿ ದೋಣಿಗಳು ಓಡುತ್ತಿವೆ, ಕಟ್ಟಿದ್ದು ಅಲ್ಲಿಯದೇ ಶಿಪ್‌ಯಾರ್ಡ್. ಗೋವಾಕ್ಕೂ 60 ಜನರ ಸೌರ ದೋಣಿ ಬಂದಿತ್ತು. ಆದರೆ ಇಲ್ಲಿನ ಜನಕ್ಕೆ ಸ್ಕೂಟರ್ ಸಮೇತ ದಾಟಬೇಕು, ಅದನ್ನು ಬಿಟ್ಟು ಬರೀ ಜನರನ್ನು ಕೂರಿಸಿಕೊಳ್ಳುವ ದೋಣಿ ತಂದರೆ ಡೀಸೆಲ್ ಫೆರಿ ಹೇಗೆ ನಿಲ್ಲುತ್ತದೆ?

ವಾಹನ ಹೊರುವ ದೋಣಿಗೆ ಚಾವಣಿಯ ಸೌರ ಫಲಕ ಸಾಲದು, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ದಡದಲ್ಲೇ ಚಾರ್ಜ್ ಮಾಡಬೇಕು. ದ್ವೀಪದಲ್ಲಿ ಅಷ್ಟು ಕರೆಂಟ್ ಎಲ್ಲಿದೆ ಅಂತ ಕೇಳುವವರು ನಾರ್ವೆಯ 'ಆಂಪಿಯರ್' ಫೆರಿ ನೋಡಬೇಕು. 2015ರಿಂದ ಓಡುತ್ತಿದೆ, 120 ಕಾರು ಹಿಡಿಸುತ್ತದೆ. ಅಲ್ಲಿಯೂ ಹಳ್ಳಿಯ ಲೈನ್‌ಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ಅದಕ್ಕೆ ಎರಡೂ ದಡದಲ್ಲಿ ದೊಡ್ಡ ಬ್ಯಾಟರಿ ಇಟ್ಟರು. ದೋಣಿ ಆಚೆ ಹೋದಾಗ ದಡದ ಬ್ಯಾಟರಿ ನಿಧಾನಕ್ಕೆ ಕರೆಂಟ್ ತುಂಬಿಕೊಳ್ಳುತ್ತದೆ, ದೋಣಿ ಬಂದಾಗ ಕೆಲವೇ ನಿಮಿಷದಲ್ಲಿ ಅದಕ್ಕೆ ಕೊಡುತ್ತದೆ. ಎಷ್ಟು ಸರಳ ಉಪಾಯ ಅಲ್ವಾ? ದಡದಲ್ಲಿ ದೋಣಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ವ್ಯವಸ್ಥೆಯೂ ಅಲ್ಲಿದೆ, ಎಂಜಿನ್‌ನಿಂದ ಒತ್ತುತ್ತಾ ನಿಲ್ಲುವ ಕಾಟವಿಲ್ಲ.

ಕರೆಂಟೂ ಕಲ್ಲಿದ್ದಲಿಂದ ಬರುತ್ತದಲ್ಲ ಅನ್ನುತ್ತಾರೆ. ಬರುತ್ತದೆ, ಒಪ್ಪುತ್ತೇನೆ. ಆದರೂ ಮಗು ಎತ್ತಿಕೊಂಡು ನಿಂತ ತಾಯಿಯ ಮುಖಕ್ಕೆ ಹೊಗೆ ಬಡಿಯುವುದು ನಿಲ್ಲುತ್ತದೆ, ಮತ್ತು ಕರೆಂಟನ್ನು ಮುಂದೆ ಸ್ವಚ್ಛ ಮಾಡಬಹುದು, ಡೀಸೆಲ್ಲನ್ನು ಆಗಲ್ಲ.

ಎಲ್ಲ ಫೆರಿ ಒಂದೇ ಸಲ ಬದಲಾಗಲಿ ಅಂತ ನಾನು ಕೇಳುತ್ತಿಲ್ಲ. ಪಣಜಿ ಪಕ್ಕದ ರಿಬಂದರ್‌ನಿಂದ ಚೋರಾವ್‌ಗೆ ಹೋಗುವ ದಾರಿಯಿಂದ ಶುರುಮಾಡಲಿ. ಆಚೆ ದಡದಲ್ಲೇ ಸಲೀಂ ಅಲಿ ಪಕ್ಷಿಧಾಮ ಇದೆ. ಮುಂದೆ ಫೆರಿಗೆ ಟೆಂಡರ್ ಕರೆದಾಗ ಡೀಸೆಲ್ ಎಂಜಿನ್ ಬರೆಯಬೇಡಿ, ಚಾರ್ಜಿಂಗ್ ಖರ್ಚನ್ನೂ ಅದರಲ್ಲೇ ಸೇರಿಸಿ.