ಶೇಕಡಾ 98.6

ಟೊರೆಂಟ್ ಎಂದರೆ ನಮ್ಮ ಕಲಬುರಗಿಯಲ್ಲಿ ಜನ ದನಿ ತಗ್ಗಿಸುತ್ತಾರೆ. ಕದ್ದ ಸಿನಿಮಾ ನೋಡುವವರ ವಿದ್ಯೆ ಎಂಬ ಅಪಖ್ಯಾತಿ ಅದಕ್ಕೆ. ಪಾಪ, 2001ರಲ್ಲಿ ಬ್ರ್ಯಾಮ್ ಕೋಹೆನ್ ಎಂಬಾತ ಇದನ್ನು ರೂಪಿಸಿದ್ದು ದೊಡ್ಡ ಫೈಲನ್ನು ಚೂರು ಚೂರು ಮಾಡಿ ಇಂಟರ್ನೆಟ್ಟಿನಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಹಂಚಿಕೊಳ್ಳಲಿ ಎಂದು. ನನಗೂ ಸಿನಿಮಾ ಬೇಕಿರಲಿಲ್ಲ. ಮನೆಯಲ್ಲಿದ್ದ 32 ಬಿಟ್ ಕಾಲದ ಹಳೆಯ ಕಂಪ್ಯೂಟರಿಗೆ, ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ, ಪುಕ್ಕಟೆಯಾಗಿ, ಕಾನೂನುಬದ್ಧವಾಗಿ ಸಿಗುವ ಲಿನಕ್ಸ್ ಹಾಕಬೇಕಿತ್ತು. ನೇರವಾಗಿ ಇಳಿಸಿಕೊಳ್ಳಲು ಕುಳಿತರೆ ಅರ್ಧಕ್ಕೆ ಕರೆಂಟು ಹೋಗುತ್ತಿತ್ತು, ಮತ್ತೆ ಸೊನ್ನೆಯಿಂದ ಶುರು. 42 ಡಿಗ್ರಿ ಬಿಸಿಲಿನಲ್ಲಿ ಊರಿನ ಕೂಲರುಗಳೆಲ್ಲ ಒಟ್ಟಿಗೆ ತಿರುಗಿದರೆ ಟ್ರಾನ್ಸ್‌ಫಾರ್ಮರ್ ತಾನೇ ಏನು ಮಾಡೀತು?

"ಟೊರೆಂಟ್ ಹಾಕಿರಿ ಕಾಕಾ. ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ" ಎಂದ ಎದುರುಮನೆಯ ಇಂಜಿನಿಯರಿಂಗ್ ಹುಡುಗ. ಕಣ್ಣು ಮಿಟುಕಿಸುವಷ್ಟರಲ್ಲಿ ಫೈಲು ಇಳಿಯಿತು. ನೂರು ಕೆಬಿಯೂ ಇಲ್ಲ! ಎಲಾ ವಿಜ್ಞಾನವೇ ಎಂದು ನಾನು ಬೆರಗಾಗುತ್ತಿದ್ದರೆ ಹುಡುಗ ನಗು ತಡೆದುಕೊಂಡು, "ಅದರಲ್ಲಿ ಚೂರುಗಳ ಪಟ್ಟಿ ಮಾತ್ರ ಇದೆ ಕಾಕಾ, ಚೂರುಗಳು ಇನ್ನು ಬರಬೇಕು" ಎಂದ.

ಬಂದವು. ಯಾರಿಂದ ಏನು ಬರುತ್ತಿದೆ ಎಂಬುದರ ಎದುರು ಪುಟ್ಟ ಧ್ವಜಗಳು: ಫಿನ್ಲೆಂಡ್, ಪೋಲೆಂಡ್, ಜಪಾನ್. ಹೆಂಡತಿಯನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಆಕೆಯ ಕಣ್ಣು ನೇರವಾಗಿ ಪಕ್ಕದ ಅಂಕಣಕ್ಕೆ ಹೋಯಿತು. "ನಮ್ಮ ಮನೆಯಿಂದಲೂ ಏನೋ ಹೊರಗೆ ಹೋಗುತ್ತಿದೆಯಲ್ಲರೀ?"

ಹೋಗಲೇಬೇಕು. ಕೈಗೆ ಬಂದ ಚೂರನ್ನು ಆಗಲೇ ಇನ್ನೊಬ್ಬನಿಗೆ ಕೊಡುತ್ತಿರಬೇಕು. ಕೊಡುವವನಿಗೆ ಬೇಗ ಸಿಗುತ್ತದೆ. ಇದೂ ಒಂದು ದಾಸೋಹವೇ, ಶರಣಬಸವೇಶ್ವರರ ಊರಿನವರಿಗೆ ಇದನ್ನು ಹೇಳಿಕೊಡಬೇಕೇ ಎಂದೆ. ಅಷ್ಟರಲ್ಲಿ ಪುಣೆಯಿಂದ ಮಗಳ ವಿಡಿಯೊ ಕರೆ ಬಂತು. ಬಾಯಿ ತೆರೆದ ಮುಖವೊಂದು ತೆರೆಯ ಮೇಲೆ ಹಾಗೆಯೇ ನಿಂತುಬಿಟ್ಟಿತು. ಇಡೀ ಅಪ್‌ಲೋಡನ್ನು ಟೊರೆಂಟ್ ನುಂಗಿತ್ತು. ಅದಕ್ಕೆ ಮಿತಿ ಹಾಕುವ ಸೆಟ್ಟಿಂಗ್ ಇದೆಯೆಂದು ಹುಡುಗ ತಿಳಿಸಿದ್ದು ಮನೆಯಲ್ಲಿ ನನ್ನ ಮರ್ಯಾದೆಯೆಲ್ಲ ಹರಾಜಾದ ಮೇಲೆ.

98.6ಕ್ಕೆ ಬಂದು ಲಿನಕ್ಸ್ ನಿಂತಿತು. ಹಳೆಯ ಆವೃತ್ತಿ, ಪೂರ್ತಿ ಇಟ್ಟುಕೊಂಡವರು ವಿರಳ. ನೋಡಿದರೆ ಫಿನ್ಲೆಂಡಿನವನೂ 98.6, ಪೋಲೆಂಡಿನವನೂ 98.6! ಇದ್ದುದನ್ನೆಲ್ಲ ಹಂಚಿಕೊಂಡು, ಇಲ್ಲದ ಚೂರಿಗಾಗಿ ಎಲ್ಲರೂ ಪರಸ್ಪರ ಮುಖ ನೋಡುತ್ತ ಕುಳಿತಿದ್ದೆವು. ಆ ಚೂರಿದ್ದ ಪುಣ್ಯಾತ್ಮ ಅಪರಾತ್ರಿಯಲ್ಲಿ ಎಲ್ಲಿಂದಲೋ ಪ್ರತ್ಯಕ್ಷನಾಗಿ, ಕೊಟ್ಟು, ಮರೆಯಾದ. ಬೆಳಿಗ್ಗೆ ಎದ್ದರೆ ನೂರಕ್ಕೆ ನೂರು. ಫಿನ್ಲೆಂಡ್, ಪೋಲೆಂಡ್ ಎಲ್ಲ ಮಂಗಮಾಯ. ಪಡೆದ ಮೇಲೆ ಹೊತ್ತಿಷ್ಟು ನಿಂತು ಹಂಚಬೇಕೆಂಬ ಸೌಜನ್ಯ ಅಲ್ಲಿಯೂ ಇಲ್ಲ ಎಂದು ತಿಳಿದು, ನಿಜ ಹೇಳಬೇಕೆಂದರೆ, ಸ್ವಲ್ಪ ಸಮಾಧಾನವೇ ಆಯಿತು.

ಲಿನಕ್ಸ್ ಚೆನ್ನಾಗಿದೆ. ಪ್ರಿಂಟರ್ ಮಾತ್ರ ಮುನಿಸಿಕೊಂಡಿದೆ.

ಈಗ ಅದನ್ನು ಹಂಚುತ್ತಿರುವವನು ನಾನೊಬ್ಬನೇ. ಇಂದು ಮಧ್ಯಾಹ್ನ ಬ್ರೆಜಿಲ್‌ನವನೊಬ್ಬ 91ಕ್ಕೆ ಬಂದಿದ್ದಾಗ ಕರೆಂಟು ಹೋಯಿತು. ಇನ್ವರ್ಟರಿನ ಬ್ಯಾಟರಿ ಹಳೆಯದು, ಫ್ಯಾನು ತಿರುಗಿಸಿದರೆ ಕಂಪ್ಯೂಟರನ್ನು ಎಳೆಯುವುದಿಲ್ಲ. ಫ್ಯಾನು ಆರಿಸಿದೆ. "ಕರೆಂಟು ಬಂದ ಮೇಲೆ ಕೊಟ್ಟರೆ ಅವನೇನು ಉಪವಾಸ ಬೀಳುತ್ತಾನೆಯೇ?" ಎಂದವಳು ಬೀಸಣಿಗೆ ಹಿಡಿದು ಎದುರುಮನೆಗೆ ಹೋಗಿ ಕುಳಿತಿದ್ದಾಳೆ. ಬ್ರೆಜಿಲ್‌ನವನು 94ಕ್ಕೆ ಬಂದಿದ್ದಾನೆ.