26 ಇಂಚಿನ ಸಂಸ್ಕಾರ

ಮತ್ತೆ ಬಂತು ಮಾರಾಯ್ರೆ ನಮ್ಮ ಮಂಗಳೂರಿನಲ್ಲಿ ಹುಡುಗ ಹುಡುಗಿಯರಿಗೆ ಡ್ರೆಸ್ ಕೋಡಿನ ಸರ್ಕ್ಯುಲರ್. ಎಲ್ಲಿಯದ್ದು ಅಂತ ನಾನು ಹೇಳ್ಬೇಕಾ, ನಿಮ್ಮ ಫೋನಿಗೂ ಬಂದಿರ್ತದೆ. ಲೆಟರ್‌ಹೆಡ್ಡು, ಸೀಲು, ಕೆಳಗೆ ಓದ್ಲಿಕ್ಕೆ ಆಗದ ಒಂದು ಸಹಿ. ಹರಿದ ಜೀನ್ಸ್ ಆಗುದಿಲ್ಲ, ತೋಳಿಲ್ಲದ್ದು ಆಗುದಿಲ್ಲ, "ಸಭ್ಯ ಉಡುಪು" ಮಾತ್ರ. ಸಭ್ಯ ಅಂದ್ರೆ ಎಂತ ಅಂತ ಅದರಲ್ಲಿ ಬರ್ದಿಲ್ಲ, ಅದು ಗೇಟಿನಲ್ಲಿ ನಿಂತವನಿಗೆ ಬೆಳಿಗ್ಗೆ ತಿಂಡಿ ಸರಿ ಆಗಿದೆಯಾ ಇಲ್ವಾ ಅನ್ನುದರ ಮೇಲೆ.

ನಮ್ಮ 1979ರ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಇದು ಬಿದ್ದದ್ದೇ ತಡ, ಕೈಮುಗಿಯುವ ಗುರ್ತು, ಚಪ್ಪಾಳೆ ಗುರ್ತು, ಒಬ್ಬ ಯಾಕೋ ಗುಲಾಬಿ ಹೂವೂ ಹಾಕಿದ. ಅಡ್ಮಿನ್ ಮಹಾಶಯ ಬರೆದ, "ನಮ್ಮ ಕಾಲದಲ್ಲಿ ಎಷ್ಟು ಡೀಸೆಂಟಾಗಿ ಡ್ರೆಸ್ ಮಾಡ್ತಿದ್ದೆವು, ಈಗಿನ ಮಕ್ಕಳಿಗೆ ಸಂಸ್ಕಾರವೇ ಇಲ್ಲ." ಕುಡೀತಿದ್ದ ಚಾ ನನ್ನ ಮೂಗಿಗೆ ಹತ್ತಿತು.

ಯಾಕಂದ್ರೆ ಈ ಅಡ್ಮಿನ್ ಮತ್ತು ನಾನು ಒಟ್ಟಿಗೆ ಹೋಗಿ ಬೆಲ್‌ಬಾಟಂ ಹೊಲಿಸಿದವರು. ಟೈಲರಣ್ಣ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗ್ದು "ಬಾಟಂ ಎಷ್ಟಿಡ್ಲಿ, 22 ಸಾಕಾ?" ಅಂತ ಕೇಳಿದ್ದಕ್ಕೆ ಈ ಡೀಸೆಂಟ್ ಮನುಷ್ಯ "26 ಇಡಿ ಅಣ್ಣ, ಬಟ್ಟೆ ಸಾಲದಿದ್ರೆ ಕಿಸೆ ಬೇಡ" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. ಆಗ ಅವನ ಸೊಂಟವೇ 27. ಅಂದ್ರೆ ಉಸಿರು ಬಿಗಿ ಹಿಡಿದ್ರೆ ಒಂದೊಂದು ಕಾಲಿನ ಬಾಯಿಯಲ್ಲಿ ಇನ್ನೊಬ್ಬೊಬ್ಬ ಅವನೇ ಹೊಕ್ಕಬಹುದಿತ್ತು. ನನ್ನ ಅಪ್ಪ ನನ್ನದನ್ನು ನೋಡಿ "ಖಾಲಿ ಉಂಟಲ್ಲ, ಬಾಡಿಗೆಗೆ ಕೊಡು" ಅಂದಿದ್ರು.

ಈಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳ್ತೇನೆ. ಆ ಪ್ಯಾಂಟು ಹಿಮ್ಮಡಿ ದಾಟಿ ನೆಲ ಗುಡಿಸ್ಬೇಕು, ಅದೇ ಸ್ಟೈಲು. ಗುಡಿಸಿದ್ರೆ ಅಂಚು ನೂಲು ಬಿಡ್ತದೆ, ಅದಕ್ಕೆ ಟೈಲರ್‌ಗಳು ಒಳಗಿನಿಂದ ಹಿತ್ತಾಳೆ ಝಿಪ್ಪಿನ ಒಂದು ಪಟ್ಟಿಯನ್ನು ಸುತ್ತ ಹೊಲಿದು ಕೊಡ್ತಿದ್ರು, ಹಲ್ಲು ಕೆಳಗೆ ಮಾಡಿ. ಸಿಮೆಂಟ್ ನೆಲದಲ್ಲಿ ನಡೆದ್ರೆ ಕಿರ್ರ್ ಕಿರ್ರ್ ಅಂತ ಶಬ್ದ, ಲೆಕ್ಚರರ್ ಬೋರ್ಡಿನ ಕಡೆಯಿಂದ ತಿರುಗದೆಯೇ ಯಾರು ಲೇಟಾಗಿ ಬಂದದ್ದು ಅಂತ ಹೇಳ್ತಿದ್ರು. ಹುಣಸೆಹಣ್ಣು ಹಾಕಿ ಆ ಝಿಪ್ಪು ತಿಕ್ಕುವ ಕಷ್ಟ ನನ್ನ ಅಮ್ಮನಿಗೆ.

ಇನ್ನು ಮಳೆಗಾಲ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಹೊಯ್ಯುವ ಊರಿನಲ್ಲಿ ನೆಲ ಗುಡಿಸುವ ಪ್ಯಾಂಟು! ಹಂಪನಕಟ್ಟೆಯಲ್ಲಿ ಬಸ್ಸಿಳಿದು ಎರಡೂ ಕೈಯಲ್ಲಿ ಪ್ಯಾಂಟು ಎತ್ತಿ ಹಿಡಿದು, ಯಕ್ಷಗಾನದ ಸ್ತ್ರೀವೇಷದವರು ಸೀರೆ ಎತ್ತಿ ರಂಗಸ್ಥಳಕ್ಕೆ ಬಂದ ಹಾಗೆ ರೋಡು ದಾಟ್ತಿದ್ದೆವು, ಕೊಡೆ ಹಿಡೀಲಿಕ್ಕೆ ಮೂರನೇ ಕೈ ಇಲ್ಲ. ಬೇಸಿಗೆಯಲ್ಲಿ ಬೇರೆ ಶಿಕ್ಷೆ. ಗಲ್ಫಿಂದ ಮಾವ ತಂದ ಫಾರಿನ್ ಪಾಲಿಯೆಸ್ಟರ್ ಪೀಸು, ಬೆವರು ಹೀರುದಿಲ್ಲ, ಗಾಳಿ ಬಿಡುದಿಲ್ಲ, ಮೇ ತಿಂಗಳ ಸೆಕೆಗೆ ಒಳಗೆ ನಾವು ಹಬೆಯಲ್ಲಿ ಬೆಂದ ಮೂಡೆ ಕಡುಬು. ಆದ್ರೆ ಹರಿಯುದಿಲ್ಲ! ಏನು ಮಾಡಿದ್ರೂ ಹರಿಯುದಿಲ್ಲ. ಫ್ಯಾಶನ್ ಹೋದ ಮೇಲೆ ನನ್ನದರ ಒಂದು ಕಾಲಿನಲ್ಲಿ ತಮ್ಮನಿಗೆ ಚಡ್ಡಿ ಆಯ್ತು, ಇನ್ನೊಂದು ರೇಶನ್ ಚೀಲ ಆಗಿ ಹದಿನೈದು ವರ್ಷ ಅಕ್ಕಿ ತಂದಿತು. ಹರಿದ ಜೀನ್ಸ್ ಕಂಡ್ರೆ ನಮ್ಮವರಿಗೆ ಇಷ್ಟು ಸಿಟ್ಟು ಯಾಕೆ ಅಂತ ಈಗ ಅಂದಾಜಾಗ್ತದೆ. ನಮ್ಮದು ಹರಿಯಲೇ ಇಲ್ಲವಲ್ಲ ಅಂತ ಹೊಟ್ಟೆಕಿಚ್ಚು.

ಮಂಗಳೂರಿಗೂ ಯೂನಿಫಾರ್ಮಿಗೂ ಹಳೆ ಸಂಬಂಧ ಬೇರೆ. ಬಲ್ಮಠದಲ್ಲಿ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಮಿಶನರಿಗಳ ನೇಯ್ಗೆ ಫ್ಯಾಕ್ಟರಿ ಇತ್ತು, ಅಲ್ಲಿ ಜಾನ್ ಹಾಲರ್ ಅನ್ನುವ ಜರ್ಮನ್ ದೊರೆ 1850ರ ದಶಕದಲ್ಲಿ ಖಾಕಿ ಬಣ್ಣ ಕಂಡುಹಿಡಿದದ್ದು ಅಂತ ನಾವು ಎದೆ ಉಬ್ಬಿಸಿ ಹೇಳುದುಂಟು. ಪೇಶಾವರದ ಕಡೆ ಸಿಪಾಯಿಗಳು ಅದಕ್ಕಿಂತ ಮೊದಲೇ ಮಣ್ಣುಬಣ್ಣದ ಬಟ್ಟೆ ಹಾಕ್ತಿದ್ರು ಅಂತ ಯಾರಾದ್ರೂ ಹೇಳಿದ್ರೆ ನಾವು ವಿಷಯ ಬದಲಿಸಿ ಮೀನಿನ ರೇಟು ಕೇಳ್ತೇವೆ. ಅಂತೂ ಪೊಲೀಸಿಂದ ಬಸ್ ಕಂಡಕ್ಟರ್‌ವರೆಗೆ ಬಟ್ಟೆ ಹಾಕಿಸಿದ ಊರು ಇದು ಅಂತ ನಮ್ಮ ಲೆಕ್ಕ, ನಾಲ್ಕು ಹುಡುಗಿಯರು ಎಂತ ಹಾಕ್ಬೇಕು ಅಂತ ಹೇಳದೆ ಬಿಡ್ತದಾ?

ಮತ್ತೆ "ನಮ್ಮ ಸಾಂಪ್ರದಾಯಿಕ ಉಡುಗೆ". ಆಹಾ. ಮೊನ್ನೆ ಒಂದು ಟ್ರೆಡಿಶನಲ್ ಡೇಗೆ ಅತಿಥಿ ಅಂತ ಕರೆದಿದ್ರು, ಹೋದೆ. ಹುಡುಗರದ್ದೆಲ್ಲ ವೆಲ್ಕ್ರೋ ಪಂಚೆ. ಸೊಂಟಕ್ಕೆ ಸುತ್ತಿ ಚರ್ರ್ ಅಂತ ಅಂಟಿಸುದು, ಸೈಡಿನಲ್ಲಿ ಮೊಬೈಲಿಗೆ ಕಿಸೆ. ಹುಡುಗಿಯರ ಸೀರೆ ಸೂರತ್ತಿನ ಪಾಲಿಯೆಸ್ಟರ್. ಉಡುಪಿ ಕೈಮಗ್ಗದ ಸೀರೆ ಅಂತ ಒಂದುಂಟು, 2016ರಲ್ಲಿ ಅದಕ್ಕೆ ಈ ಊರಿನದ್ದೇ ಅಂತ ಗುರ್ತಿಸುವ ಜಿಐ ಟ್ಯಾಗ್ ಸಿಕ್ಕಿದೆ, ಮೈಗೆ ತಂಪು, ಅದನ್ನು ಉಟ್ಟವರು ಒಬ್ಬರೇ, ಕಾಲೇಜಿನ ಲೈಬ್ರೇರಿಯನ್ ಅಕ್ಕ. ಅವರನ್ನು ಯಾರೂ ಸ್ಟೇಜಿಗೆ ಕರೀಲಿಲ್ಲ.

ಅದೇ ಪಂಚೆಯನ್ನು ನಿಜವಾಗಿ ದಿನಾ ಉಡುವ ರೈತರೊಬ್ಬರು 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರೋಡಿನ ಮಾಲಿಗೆ ಮಗನ ಜೊತೆ ಹೋದಾಗ ಎಂತ ಆಯ್ತು ಗೊತ್ತುಂಟಲ್ಲ. ಒಳಗೆ ಬಿಡ್ಲಿಲ್ಲ. ಆಮೇಲೆ ಸರ್ಕಾರ ಒಂದು ವಾರ ಮಾಲ್ ಮುಚ್ಚಿಸಿತು, ಅದು ಸರಿ. ಆದ್ರೆ ವೆಲ್ಕ್ರೋ ಹಾಕಿದ್ರೆ ಸಂಸ್ಕೃತಿ, ಗಂಟು ಕಟ್ಟಿದ್ರೆ ಗೇಟಿನ ಹೊರಗೆ, ಈ ಲೆಕ್ಕ ನನಗೆ ಇನ್ನೂ ಬಿಡಿಸ್ಲಿಕ್ಕೆ ಆಗಿಲ್ಲ.

ನಗ್ತಾ ನಗ್ತಾ ಬರೀತಿದ್ದೆ, ಈಗ ನಗು ಬರುದಿಲ್ಲ. 2009ರ ಜನವರಿಯಲ್ಲಿ ಇದೇ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದೂ ಸಂಸ್ಕೃತಿಯ ಹೆಸರಲ್ಲೇ. ಇಡೀ ದೇಶ ಟಿವಿಯಲ್ಲಿ ನೋಡಿತು. 2018ರಲ್ಲಿ ಕೋರ್ಟಿನಲ್ಲಿ ಸಾಕ್ಷ್ಯ ಸಾಲದೆ ಆರೋಪಿಗಳು ಖುಲಾಸೆ. ಹೊಡೆಸಿಕೊಂಡ ಹುಡುಗಿಯರಿಗೆ ಈಗ ಮಕ್ಕಳಾಗಿರಬಹುದು, ಆ ಮಕ್ಕಳಿಗೂ ಸರ್ಕ್ಯುಲರ್ ಬರ್ತಾ ಉಂಟು. ಬೊಡಿದು ಹೋಯ್ತು, ಸಾಕಾಯ್ತು ನನಗೆ. ನನ್ನ ಅಜ್ಜಿ ಸಾಯುವವರೆಗೆ ರವಿಕೆ ಹಾಕಿದವರಲ್ಲ, ಬರೀ ಸೀರೆ, ಅದರಲ್ಲೇ ಗದ್ದೆ, ಅದರಲ್ಲೇ ಜಾತ್ರೆ. ಟೇಪು ಹಿಡ್ಕೊಂಡು ಯಾರೂ ಅವರ ಅಂಗಳಕ್ಕೆ ಬರಲಿಲ್ಲ, ಬಂದಿದ್ರೆ ಹಿಡಿಸೂಡಿಯಲ್ಲಿ ಬೀಳ್ತಿತ್ತು.

ಹಾಗೆ ನಿನ್ನೆ ರಾತ್ರಿ ಕಪಾಟಿನ ಮೇಲಿಂದ ಹಳೇ ಆಲ್ಬಂ ಇಳಿಸಿದೆ. 1979ರ ಗ್ರೂಪ್ ಫೋಟೋ, ಎರಡನೇ ಸಾಲು ಎಡದಿಂದ ನಾಲ್ಕನೆಯವ ನಮ್ಮ ಅಡ್ಮಿನ್. ಹೆಗಲವರೆಗೆ ಚಾಚಿದ ನಾಯಿಕಿವಿ ಕಾಲರ್, ಕಿವಿ ಮುಚ್ಚುವ ಕೂದಲು, ಮೇಲಿನ ಮೂರು ಬಟನ್ ಬಿಚ್ಚಿ ಎದೆಯ ಆರೇಳು ರೋಮ ಪ್ರದರ್ಶನಕ್ಕೆ. ಅವನ ಮುಂದೆ ಕೂತ ನಮ್ಮ ಇಂಗ್ಲಿಷ್ ಮೇಡಂ ಸ್ಲೀವ್‌ಲೆಸ್ ಬ್ಲೌಸಿನಲ್ಲಿ, ಏನೂ ಆಗದ ಹಾಗೆ ನಗ್ತಾ ಇದ್ದಾರೆ. ಮೊಬೈಲಲ್ಲಿ ತೆಗ್ದು ಗ್ರೂಪಿಗೆ ಹಾಕಿ "ಡೀಸೆಂಟ್" ಅಂತ ಒಂದೇ ಶಬ್ದ ಬರೆದೆ.

ನೀಲಿ ಟಿಕ್ಕು ಬಂತು. ಹತ್ತು ನಿಮಿಷ ಯಾರದ್ದೂ ಮಾತಿಲ್ಲ. ಮತ್ತೆ ಗ್ರೂಪಿನಲ್ಲಿ ಒಂದು ಸೂಚನೆ, ಇನ್ನು ಮುಂದೆ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸಬಹುದು.

ಹನ್ನೊಂದು ಗಂಟೆಗೆ ಪರ್ಸನಲ್ಲಾಗಿ ಬಂತು ಅವನದ್ದು: "ಒರಿಜಿನಲ್ ಕಾಪಿ ಉಂಟಾ ನಿನ್ನತ್ರ? ಇದ್ರಲ್ಲಿ ಪ್ಯಾಂಟು ಸರಿ ಕಾಣುದಿಲ್ಲ."