700 ರೂಪಾಯಿಯ ಜರಿಗಿಡ

ಮಡಿಕೇರಿಯಲ್ಲಿದ್ದುಕೊಂಡು ದುಡ್ಡು ಕೊಟ್ಟು ಜರಿಗಿಡ ತಂದವಳು ಬಹುಶಃ ನಾನೊಬ್ಬಳೇ. ಮಳೆ ಹಿಡಿಯಿತು ಅಂದರೆ ಇಲ್ಲಿ ಕಲ್ಲುಗೋಡೆ, ಬಾವಿಕಟ್ಟೆ, ರಸ್ತೆ ಪಕ್ಕದ ಬರೆ, ಹೆಂಚಿನ ಸಂದಿ, ಕೆಟ್ಟು ನಿಂತ ಜೀಪಿನ ಬಂಪರ್, ಎಲ್ಲಿ ಬೇಕಾದರೂ ಅದು ಏಳುತ್ತದೆ. ತೋಟದವರು ಕಳೆ ಅಂತ ಕಿತ್ತು ಬಿಸಾಡುತ್ತಾರೆ. ಅಂಥ ಊರಿಗೆ ನಾನು ಮೈಸೂರಿನ ಒಂದು ನರ್ಸರಿಯಿಂದ ಎರಡು ಕುಂಡ ತಂದೆ, ಅದೂ ಬಸ್ಸಿನಲ್ಲಿ, ತೊಡೆ ಮೇಲಿಟ್ಟುಕೊಂಡು, ಕುಶಾಲನಗರ ದಾಟಿದ ಮೇಲೆ ಪ್ರತಿ ತಿರುವಿಗೂ ಪಕ್ಕದವರ ಮೂಗಿಗೆ ಎಲೆ ಸವರುತ್ತಾ. ಮನೆಯವರು "700 ರೂಪಾಯಿನಾ?" ಅಂದರು. ಆಮೇಲೆ ಸುಮ್ನೆ ಹಿತ್ತಲ ಗೋಡೆ ಕಡೆ ಬೆರಳು ತೋರಿಸಿದರು.

ಒಂದು ಮೇಡನ್‌ಹೇರ್, ಇನ್ನೊಂದು ಬಾಸ್ಟನ್ ಫರ್ನ್. ಎರಡನ್ನೂ ಹಲಸಿನ ಮರದ ನೆರಳಿಗೆ ಇಟ್ಟೆ.

ಮೇಡನ್‌ಹೇರ್ ಅಂದರೆ ಮಹಾ ನಾಜೂಕು. ಕೂದಲಿನಂಥ ಕಪ್ಪು ದಂಟು, ಕೊತ್ತಂಬರಿಯಂಥ ಎಲೆ. ಎಲೆ ಮೇಲೆ ನೀರು ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಅದರ ಹೆಸರು ಅಡಿಯಾಂಟಮ್, ಗ್ರೀಕಿನಲ್ಲಿ ಒದ್ದೆಯಾಗದ್ದು ಅಂತ ಅರ್ಥವಂತೆ. ಹಾಗಂತ ಬುಡಕ್ಕೆ ಒಂದು ದಿನ ನೀರು ತಪ್ಪಿಸಿ ನೋಡಿ! ಮಾರ್ಚಿನಲ್ಲಿ ಮದುವೆಗೆ ಅಂತ 3 ದಿನ ಹೋಗಿ ಬಂದೆ. ಮುಟ್ಟಿದರೆ ಟೀಪುಡಿ ಥರ ಉದುರಿತು. ಒಣಗಿದ ಎಲೆಗೆ ಎಷ್ಟು ನೀರು ಹಾಕಿದರೂ ಮತ್ತೆ ಹಸಿರಾಗುವುದಿಲ್ಲ, ಬುಡದವರೆಗೆ ಕತ್ತರಿಸಿ ಮಣ್ಣು ತಂಪಾಗಿಟ್ಟು ಕಾಯಬೇಕು ಅಷ್ಟೇ. ಬೋಳು ಕುಂಡಕ್ಕೆ ದಿನಾ ನೀರು ಹಾಕುವ ನನ್ನನ್ನು ಹಾಲಿನವನು ಒಂಥರಾ ನೋಡುತ್ತಿದ್ದ.

ಅಷ್ಟರಲ್ಲಿ ಬಾಸ್ಟನ್ ಫರ್ನ್‌ಗೆ ರೋಗ ಬಂತು. ಎಲೆಯ ಅಡಿಯಲ್ಲಿ ಕಂದು ಚುಕ್ಕೆಗಳು, ರಾಶಿ ರಾಶಿ. ಕಾಫಿಗೆ ಬರುವ ಕೀಟವೇ ಇಲ್ಲಿಗೂ ಬಂತು ಅಂದುಕೊಂಡೆ. ಒಂದು ಭಾನುವಾರ ಪೂರ್ತಿ ಕೂತು, ಬೇವಿನೆಣ್ಣೆ ಸೋಪುನೀರು ಬೆರೆಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ಒಂದೊಂದೇ ಎಲೆ ಹಿಡಿದು ತಿಕ್ಕಿದೆ, ಕೊನೆಗೆ ನನ್ನ ಬೆನ್ನು ಜರಿಗಿಡದ ಚಿಗುರಿನ ಹಾಗೆ ಸುರುಳಿಯಾಯಿತು. ಬೇಲಿಯಾಚೆಯಿಂದ ನೋಡುತ್ತಿದ್ದ ನಿವೃತ್ತ ಜೀವಶಾಸ್ತ್ರದ ಮೇಷ್ಟ್ರು ಎಲ್ಲಾ ಮುಗಿದ ಮೇಲೆ ಬಾಯಿಬಿಟ್ಟರು.

"ಅದು ರೋಗ ಅಲ್ಲಮ್ಮ. ಬೀಜಕದ ಗೂಡು. ಹೂವು, ಬೀಜ ಇಲ್ಲದ ಗಿಡ, ವಂಶ ಬೆಳೆಯೋದು ಅದರಿಂದಲೇ. ಕೀಟ ಆದರೆ ಅಡ್ಡಾದಿಡ್ಡಿ ಕೂರುತ್ತೆ, ಇದು ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿರುತ್ತೆ."

ಮೊದಲೇ ಹೇಳಬಹುದಿತ್ತು, ಅಲ್ವಾ?

ಆದರೂ ಗಿಡ ಸಾಯಲಿಲ್ಲ. ಜೂನಿನ ಮಳೆ ಬಿದ್ದಿದ್ದೇ ತಡ, ನಡುವಿನಿಂದ ಚಕ್ಕುಲಿ ಸುತ್ತಿದ ಹಾಗೆ 20ಕ್ಕೂ ಜಾಸ್ತಿ ಚಿಗುರು ಬಂದವು. ನಾನು ದಿನಾ ಎಣಿಸುತ್ತಿದ್ದೆ. ಅದೇ ವಾರ ಬೆಂಗಳೂರಿನಿಂದ ಚಿಕ್ಕಮ್ಮ ಬಂದರು.

ಹಿಂದಿನ ವರ್ಷ ಬಂದಾಗ ನಮ್ಮತ್ತೆ ಅವರಿಗೆ ತೆರ್ಮೆ ಪಲ್ಯ ಬಡಿಸಿದ್ದರು. ತೆರ್ಮೆಯೂ ಜರಿಗಿಡವೇ, ತೋಡಿನ ಬದಿಯಲ್ಲಿ ಬೆಳೆಯುವಂಥದ್ದು. ಕೊಡಗಿನವರು ಮಳೆಗಾಲದಲ್ಲಿ ಅದರ ಸುರುಳಿ ಚಿಗುರು ಚಿವುಟಿ ತಂದು, ತೊಳೆದು, ಪಲ್ಯ ಮಾಡುತ್ತಾರೆ. ಚಿಕ್ಕಮ್ಮನಿಗೆ ಆ ರುಚಿ ನೆನಪಿತ್ತು. ಗಿಡ ಮಾತ್ರ ಗೊತ್ತಿರಲಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಈರುಳ್ಳಿ ಹೆಚ್ಚಿ ಆಗಿತ್ತು, ಪಕ್ಕದಲ್ಲಿ ಒಂದು ಬೋಗುಣಿ ತುಂಬ ನನ್ನ ಬಾಸ್ಟನ್ ಫರ್ನ್‌ನ ಮುಂದಿನ ಪೀಳಿಗೆ.

"ಹಿತ್ತಲಲ್ಲೇ ಇಟ್ಟುಕೊಂಡು ಈ ಮಳೇಲಿ, ಜಿಗಣೆ ಕಚ್ಚಿಸಿಕೊಂಡು ತೋಡಿನ ತನಕ ಯಾಕೆ ಹೋಗ್ತೀರಾ?" ಅಂದರು ಚಿಕ್ಕಮ್ಮ, ಖುಷಿಯಾಗಿ.

ನನಗೆ ಮಾತೇ ಹೊರಡಲಿಲ್ಲ. ಅತ್ತೆ ಒಂದು ಚಿಗುರು ಎತ್ತಿ ಬೆಳಕಿಗೆ ಹಿಡಿದರು. "ಇದು ತೆರ್ಮೆ ಅಲ್ಲ. ಎಲ್ಲಾ ಜರಿಗಿಡ ತಿನ್ನೋಕಾಗಲ್ಲ, ಕೆಲವು ವಿಷ" ಅಂದು ಬೋಗುಣಿಯನ್ನು ಸೀದಾ ಗೊಬ್ಬರದ ಗುಂಡಿಗೆ ಸುರಿದು ಬಂದರು. ಮನೆಯವರು ಪೇಪರ್ ಹಿಂದಿನಿಂದ "700 ರೂಪಾಯಿ ಪಲ್ಯ" ಅಂದರು. ಆ ದಿನ ಊಟಕ್ಕೆ ಬರೀ ಸಾರು, ಹಪ್ಪಳ.

ಈಗ ಎರಡೂ ಕುಂಡ ಬಚ್ಚಲುಮನೆಯ ಕಿಟಕಿಯಲ್ಲಿವೆ. ನೇರ ಬಿಸಿಲಿಲ್ಲ, ಹಬೆ ಇದೆ, ಮೇಡನ್‌ಹೇರ್ ಕೂಡ ಕಪ್ಪು ದಾರದಂಥ ಚಿಗುರು ಬಿಟ್ಟಿದೆ. ಚಿಕ್ಕಮ್ಮ ಮೊನ್ನೆ ಮತ್ತೆ ಬಂದಿದ್ದರು. ಸ್ನಾನಕ್ಕೆ ಹೋದವರು ಈಚೆ ಬರುವವರೆಗೂ ನಾನು ಟವೆಲ್ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಎಷ್ಟು ಪ್ರೀತಿ ನೋಡಿ ಈ ಹುಡುಗೀಗೆ ಅಂತ ಅತ್ತೆ ಹತ್ತಿರ ಹೇಳಿದರಂತೆ.